ಬಾಲ ಇಟ್ಕೊಂಡು ಎರಡಾಗೋದು ಹೇಗೆ? ನೆಕ್ ಕಿಣ್ವಗಳ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್‌ನಲ್ಲಿ ನಿಂತು ಓದೋರಿಗೆ ಈ ವಾರದ ಮಾತಿನ ಬರಹ ಇಲ್ಲಿದೆ. ನಾನು ಬಯಾಲಜಿ ಓದಿದವನಲ್ಲ, ಎಂಟೆಕ್ ಮಾಡಿ ಕೋಡ್ ಬರೆಯೋನು. ಮುಂಬೈಗೂ ಮಲೇರಿಯಾಕ್ಕೂ ಇರೋ ಹಳೇ ನಂಟನ್ನು ಹುಡುಕುವಾಗ ಈ ಕಥೆ ಸಿಕ್ಕಿತು.

1880ರ ನವೆಂಬರ್. ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಮಲೇರಿಯಾ ರೋಗಿಯ ರಕ್ತವನ್ನು ಮೈಕ್ರೋಸ್ಕೋಪಿನಲ್ಲಿ ನೋಡ್ತಿದ್ದರು. ಒಂದು ಗುಂಡನೆಯ ಕಣದ ಅಂಚಿನಲ್ಲಿ ಚಾವಟಿಯಂಥ ಎಳೆಗಳು ಪಟಪಟ ಬಡಿಯುತ್ತಿದ್ದವು. ಇದು ಜೀವಿಯೇ ಅಂತ ಅವರಿಗೆ ಖಚಿತವಾಗಿದ್ದು ಆ ಚಲನೆಯಿಂದ. ಅವು ಪರೋಪಜೀವಿಯ ಗಂಡು ಕೋಶಗಳು. ಸೊಳ್ಳೆಯ ಹೊಟ್ಟೆ ಸೇರಿದ ಹದಿನೈದು ನಿಮಿಷದೊಳಗೆ ಒಂದು ಕೋಶದಿಂದ ಬಾಲವಿರುವ ಎಂಟು ಹೊರಬರುತ್ತವೆ.

ಬಾಲಕ್ಕೂ ವಿಭಜನೆಗೂ ಏನು ಸಂಬಂಧ? ನಮ್ಮ ಜೀವಕೋಶಗಳ ಮೇಲೂ ಸಿಲಿಯಾ ಅನ್ನೋ ಕೂದಲಂಥ ಎಳೆಗಳಿವೆ. ಅದರ ಬುಡದಲ್ಲಿ ಸೆಂಟ್ರಿಯೋಲ್ ಅನ್ನೋ ಸಣ್ಣ ಕೊಳವೆ. ಕೋಶ ಎರಡಾಗುವಾಗ ಅದೇ ಕೊಳವೆ ವಿಭಜನೆಯ ಕೆಲಸಕ್ಕೆ ಹೋಗಬೇಕು. ಹಾಗಾಗಿ ಮೊದಲು ಸಿಲಿಯಾವನ್ನು ಕಳಚಬೇಕು. ಒಂದೇ ಸಾಮಾನು, ಎರಡು ಕೆಲಸ. ಯಾವಾಗ ಯಾವುದು ಅಂತ ನೋಡಿಕೊಳ್ಳೋಕೆ ಯಾರಾದರೂ ಬೇಕಲ್ಲ?

ಇಲ್ಲಿ ಬರುತ್ತೆ ನೆಕ್ ಕುಟುಂಬ. 1975ರಲ್ಲಿ ರಾನ್ ಮಾರಿಸ್ ಆಸ್ಪರ್ಜಿಲಸ್ ಎಂಬ ಬೂಷ್ಟಿನಲ್ಲಿ, ಬಿಸಿ ಹೆಚ್ಚಾದರೆ ವಿಭಜನೆಗೇ ಇಳಿಯದ ತಳಿಗಳನ್ನು ಗುರುತಿಸಿದರು. ಆ ಜೀನ್‌ಗಳಲ್ಲಿ ಒಂದರ ಹೆಸರು ನಿಮ್ಎ. 1988ರ ಹೊತ್ತಿಗೆ ಸ್ಟೀಫನ್ ಓಸ್ಮಾನಿ ಮತ್ತು ಸಂಗಡಿಗರು, ಅದು ಕೈನೇಸ್ ಅಂತ ತೋರಿಸಿದರು. ಅಂದರೆ ಬೇರೆ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದರ ಕೆಲಸ ಬದಲಿಸೋ ಕಿಣ್ವ. ಅದರ ನೆಂಟರೇ ನೆಕ್‌ಗಳು.

ಲೆಕ್ಕ ನೋಡಿ. ಸಿಲಿಯಾ ಕಳೆದುಕೊಂಡ ಆಸ್ಪರ್ಜಿಲಸ್‌ನಲ್ಲಿ ಒಂದೇ ನೆಕ್. ಮನುಷ್ಯರಲ್ಲಿ 11. ಮೈತುಂಬ ಸಿಲಿಯಾ ಇರೋ ಟೆಟ್ರಾಹೈಮೀನಾದಲ್ಲಿ ಹತ್ತಾರು. ಗಿಡಗಳು ಅಪವಾದ: ಹೂ ಬಿಡೋ ಗಿಡಕ್ಕೆ ಸಿಲಿಯಾ ಇಲ್ಲ, ಆದರೂ ಅರಾಬಿಡಾಪ್ಸಿಸ್‌ನಲ್ಲಿ 7 ಇವೆ. ಹಳೇ ಕೋಡಿಗೆ ಹೊಸ ಕೆಲಸ ಹಚ್ಚೋದು ನಮಗೆ ಹೊಸದೇನಲ್ಲ.

ಇಲಿಗಳಲ್ಲಿ ನೆಕ್1 ಅಥವಾ ನೆಕ್8 ಕೆಟ್ಟರೆ ಕಿಡ್ನಿ ತುಂಬ ನೀರುಗುಳ್ಳೆ. ಮಲೇರಿಯಾ ಪರೋಪಜೀವಿಯಲ್ಲಿ ನೆಕ್‌ಗಳು ನಾಲ್ಕೇ. 2005 ಮತ್ತು 2009ರ ಪ್ರಯೋಗಗಳಲ್ಲಿ ಇಲಿ ಮಲೇರಿಯಾದ ನೆಕ್4, ನೆಕ್2 ತೆಗೆದಾಗ ಅದು ರಕ್ತದಲ್ಲಿ ಆರಾಮಾಗಿ ಬೆಳೆಯಿತು. ಆದರೆ ಸೊಳ್ಳೆಯೊಳಗೆ ಗಂಡು-ಹೆಣ್ಣು ಕೂಡಿದ ಮೇಲೆ ಮುಂದಕ್ಕೆ ಹೋಗಲಿಲ್ಲ. ರೋಗಿಯಿಂದ ಇನ್ನೊಬ್ಬರಿಗೆ ಹರಡೋ ದಾರಿ ಅಲ್ಲೇ ಬಂದ್.

ಆ ದಾರಿಯ ಇನ್ನೊಂದು ತುದಿಯನ್ನು ಈ ಊರು ಮೊದಲೇ ಕಂಡಿತ್ತು. 1911ರಲ್ಲಿ ಬೆಂಟ್ಲಿ ತಮ್ಮ ವರದಿಯಲ್ಲಿ ಬಾಂಬೆಯ ಬಾವಿಗಳಲ್ಲಿ ಹುಟ್ಟೋ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯನ್ನು ಬೊಟ್ಟುಮಾಡಿ ತೋರಿಸಿದರು. ಬಾವಿ ಮುಚ್ಚಿಸೋಕೆ ಹೊರಟಾಗ ಪೂಜೆಗೆ ಬಾವಿ ನೀರೇ ಬೇಕು ಅಂದವರಿಂದ ವಿರೋಧವೂ ಬಂತು. ಈಗ ವಡಾಲದಲ್ಲಿ ಬಾವಿಗಳ ಬದಲು ಟೆರೇಸಿನ ಟಾಂಕಿಗಳು, ಕಟ್ಟಡ ಕೆಲಸಕ್ಕೆ ನಿಲ್ಲಿಸಿದ ನೀರು. ಸೊಳ್ಳೆ ಮಾತ್ರ ಅದೇ.

ನೆಕ್ ತಡೆಯೋ ಮಾತ್ರೆ ಬರೋವರೆಗೂ ನಮ್ಮ ಕೈಲಿರೋದು ಟಾಂಕಿಯ ಮುಚ್ಚಳ. ಈ ಮಳೆಗಾಲದಲ್ಲಿ ನಿಮ್ಮ ಸೊಸೈಟಿಯದು ಸರಿಯಾಗಿ ಕೂತಿದೆಯಾ, ಒಮ್ಮೆ ಮೇಲೆ ಹತ್ತಿ ನೋಡಿ. ಮುಂದಿನ ವಾರ ಸಿಗೋಣ.