ಹೊಸ ಗಣಕಕ್ಕೆ ಜೀವ ಬಾರದಿದ್ದರೆ

ಬಿಡಿಭಾಗಗಳನ್ನು ಕೊಂಡುತಂದು ಮನೆಯಲ್ಲೇ ಜೋಡಿಸಿದ ಗಣಕಯಂತ್ರದ ಗುಂಡಿ ಒತ್ತಿದಾಗ ಫ್ಯಾನ್ ಸಹ ತಿರುಗದಿದ್ದರೆ, ಮದರ್‌ಬೋರ್ಡ್ ಸುಟ್ಟಿತೆಂಬ ಆತಂಕ ಸಹಜ. ಅಂಗಡಿಗೆ ಹೊರಡುವ ಮುನ್ನ ಜೋಡಣೆಯನ್ನು ಪರಿಶೀಲಿಸುವುದು ಒಳಿತು. ದೋಷ ಹೆಚ್ಚಾಗಿ ಅಲ್ಲಿಯೇ ಇರುತ್ತದೆ.

ಗೋಡೆಯ ಸಾಕೆಟ್‌ನಲ್ಲಿ ವಿದ್ಯುತ್ ಇರಬೇಕು. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ ಸೊನ್ನೆಯತ್ತ ಅಲ್ಲ, ಗೆರೆಯತ್ತ ಒತ್ತಿರಬೇಕು. ಮದರ್‌ಬೋರ್ಡಿನ 24 ಪಿನ್‌ಗಳ ಕನೆಕ್ಟರ್ ಕೊಂಡಿ ಬೀಳುವವರೆಗೆ ಕೂತಿರಬೇಕು. ಪ್ರೊಸೆಸರ್ ಬಳಿಯ 4 ಅಥವಾ 8 ಪಿನ್‌ಗಳ ಪ್ರತ್ಯೇಕ ಕನೆಕ್ಟರನ್ನು ಹೊಸಬರು ಮರೆಯುವುದುಂಟು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕ್ಯಾಬಿನೆಟ್‌ನ ಗುಂಡಿಯಿಂದ ಬರುವ ಸಣ್ಣ ತಂತಿ. ಅದು ಒಂದೇ ಪಿನ್ ಆಚೀಚೆಯಾದರೂ ಗುಂಡಿ ಒತ್ತಿದ್ದು ಬೋರ್ಡಿಗೆ ತಿಳಿಯದು. ಕೈಪಿಡಿಯ ಚಿತ್ರದಲ್ಲಿ ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಖಚಿತಪಡಿಸಿಕೊಂಡು, ತಂತಿ ತೆಗೆದು, ಅವೆರಡನ್ನೇ ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಸೇರಿಸಿದಾಗ ಯಂತ್ರ ಎದ್ದರೆ, ದೋಷ ಗುಂಡಿಯದು ಅಥವಾ ತಂತಿಯದು.

ಆಗಲೂ ಏಳದಿದ್ದರೆ ವಿದ್ಯುತ್ ಸಂಪರ್ಕ ತೆಗೆದು, ಬೋರ್ಡನ್ನು ಹೊರತಂದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಡಬೇಕು. ಪ್ರೊಸೆಸರ್, ಅದರ ಕೂಲರ್, ಒಂದು ರ್‍ಯಾಮ್ ಸಾಕು. ಅಲ್ಲಿ ಚಾಲೂ ಆದರೆ ಕ್ಯಾಬಿನೆಟ್‌ನೊಳಗೆ ತಪ್ಪು ಜಾಗದಲ್ಲಿ ಉಳಿದ ಹಿತ್ತಾಳೆಯ ಆಧಾರತಿರುಪು ಬೋರ್ಡಿನ ಅಡಿಯನ್ನು ತಾಕಿ ಶಾರ್ಟ್ ಆಗಿರುವ ಸಂಭವವಿದೆ. ಇಂಥ ಸ್ಥಿತಿಯಲ್ಲಿ ಎಸ್‌ಎಂಪಿಎಸ್ ತಾನಾಗಿಯೇ ಸ್ಥಗಿತಗೊಳ್ಳುತ್ತದೆ.

ಕೊನೆಗೆ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡಬಹುದು. ಆದರೆ ಕೇಬಲ್‌ಗಳು ಅದರವೇ ಆಗಿರಲಿ, ಒಂದು ಕಂಪನಿಯ ಕೇಬಲ್ ಇನ್ನೊಂದಕ್ಕೆ ಹೊಂದದೆ ಬೋರ್ಡನ್ನೇ ಸುಡಬಹುದು. ಎಸ್‌ಎಂಪಿಎಸ್‌ನ ಮುಚ್ಚಳವನ್ನಂತೂ ಬಿಚ್ಚಲೇಬಾರದು. ಪ್ಲಗ್ ಕಿತ್ತ ನಂತರವೂ ಅದರ ಕೆಪಾಸಿಟರ್‌ಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರುತ್ತದೆ.