ಕೆರೆಯ ಆರೋಗ್ಯಸೂಚಕವಾಗಿ ಪ್ರಾಣಿಪ್ಲವಕ: ಬಳ್ಳಾರಿ, ಸಿರುಗುಪ್ಪ, ಕುರುಗೋಡು

ನೀರಿನಲ್ಲಿ ತೇಲುತ್ತ ಬದುಕುವ, ಹರಿವಿಗೆ ಎದುರು ಈಜಲಾರದ ಸಣ್ಣ ಪ್ರಾಣಿಗಳೇ ಪ್ರಾಣಿಪ್ಲವಕ. ಕೆರೆಗಳಲ್ಲಿ ರೋಟಿಫರ್, ಕ್ಲಾಡೊಸೆರಾ, ಕೋಪೆಪಾಡ್, ಆಸ್ಟ್ರಕಾಡ್ ಗುಂಪುಗಳು ಮುಖ್ಯ. ಪಾಚಿ, ಬ್ಯಾಕ್ಟೀರಿಯಾ ತಿಂದು ಬೆಳೆಯುವ ಇವು ಮೀನುಮರಿಗಳಿಗೆ ಆಹಾರ. ಇವುಗಳ ಆಯುಷ್ಯ ಕಡಿಮೆ. ಹಾಗಾಗಿ ನೀರು ಕೆಡತೊಡಗಿದರೆ ಮೀನು ಸಾಯುವುದಕ್ಕೆ ಮೊದಲೇ ಇವುಗಳ ಜಾತಿ, ಸಂಖ್ಯೆ ಬದಲಾಗುತ್ತವೆ.

ಕರ್ನಾಟಕದ ಹಳ್ಳಿಗಳಿಗೆ ಈ ಜೀವಿಗಳ ಪೈಕಿ ಮೊದಲು ಗೊತ್ತಾದದ್ದು ಸೈಕ್ಲಾಪ್ಸ್, ಅದೂ ವೈರಿಯಾಗಿ. ನಾರುಹುಣ್ಣಿನ ಹುಳುವಿನ ಮರಿ ಈ ಕೋಪೆಪಾಡ್‌ನೊಳಗೆ ಬೆಳೆಯುತ್ತದೆಂದು ರಷ್ಯಾದ ಫೆಡ್ಚೆಂಕೊ 1870ರಲ್ಲಿ ಕಂಡುಕೊಂಡ. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿತು, ಸೈಕ್ಲಾಪ್ಸ್ ಕೊಲ್ಲಲು ಬಾವಿಗಳಿಗೆ ಟೆಮಿಫಾಸ್ ಎಂಬ ಔಷಧ ಹಾಕಿಸಿತು. ಕರ್ನಾಟಕವೂ ರೋಗಪೀಡಿತ ರಾಜ್ಯಗಳಲ್ಲಿ ಒಂದಾಗಿತ್ತು. 2000ದಲ್ಲಿ ಭಾರತ ನಾರುಹುಣ್ಣುಮುಕ್ತವೆಂದು ಘೋಷಿತವಾಯಿತು. ಸಾರ್ವಜನಿಕ ಆರೋಗ್ಯದ ಇಷ್ಟು ದೊಡ್ಡ ಗೆಲುವು ಅಪರೂಪ.

ಇದೇ ಪ್ರಾಣಿಪ್ಲವಕವನ್ನು ನೀರಿನ ಗುಣ ಅಳೆಯಲು ಬಳಸುವ ಕ್ರಮ ಯುರೋಪಿನಲ್ಲಿ ಬೆಳೆಯಿತು. ‘ಪ್ಲಾಂಕ್ಟನ್’ ಎಂಬ ಹೆಸರನ್ನು 1887ರಲ್ಲಿ ವಿಕ್ಟರ್ ಹೆನ್ಸನ್ ಕೊಟ್ಟ. 1909ರಲ್ಲಿ ಜರ್ಮನಿಯ ಕೋಲ್ಕ್‌ವಿಟ್ಸ್, ಮಾರ್ಸನ್ ಇಬ್ಬರೂ ಕೊಳಕು ನೀರಿನ ಪ್ರಾಣಿಗಳನ್ನು ಮಾಲಿನ್ಯದ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದರು. 1983ರಲ್ಲಿ ಸ್ಲಾಡೆಚೆಕ್ ರೋಟಿಫರ್‌ಗಳಿಗೆ ಸರಳ ಲೆಕ್ಕವೊಂದನ್ನು ಸೂಚಿಸಿದ: ಬ್ರಾಕಿಯೋನಸ್ ಜಾತಿಗಳ ಸಂಖ್ಯೆಯನ್ನು ಟ್ರೈಕೊಸರ್ಕಾ ಜಾತಿಗಳ ಸಂಖ್ಯೆಯಿಂದ ಭಾಗಿಸಿದಾಗ 2ಕ್ಕಿಂತ ಹೆಚ್ಚು ಬಂದರೆ ನೀರಿನಲ್ಲಿ ಪೋಷಕಾಂಶ ಅತಿಯಾಗಿದೆ ಎಂದರ್ಥ.

ಬಳ್ಳಾರಿ ಸೀಮೆಯ ನೀರಿನ ಕಥೆ ತುಂಗಭದ್ರೆಯದು. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಮೇಲ್ಮಟ್ಟದ (ಎಚ್‌ಎಲ್‌ಸಿ), ಕೆಳಮಟ್ಟದ (ಎಲ್‌ಎಲ್‌ಸಿ) ಕಾಲುವೆಗಳು ಬಯಲಿಗೆ ಬಂದವು. ಸಿರುಗುಪ್ಪದ ಕಡೆ ಭತ್ತ ಹಬ್ಬಿತು. ಅಣೆಕಟ್ಟಿನ ಮೇಲ್ಭಾಗದಲ್ಲಿ ಭದ್ರಾವತಿಯ ಕಾರ್ಖಾನೆಗಳ ತ್ಯಾಜ್ಯದಿಂದ ಭದ್ರಾ ನದಿಯ ಮೀನುಗಾರಿಕೆಗೆ ಆದ ಹಾನಿಯ ಬಗ್ಗೆ ಎ. ಡೇವಿಡ್ ಅವರ ಅಧ್ಯಯನ 1956ರಲ್ಲಿ ಬಂತು. 1969ರಲ್ಲಿ ಡೇವಿಡ್ ಮತ್ತು ಸಂಗಡಿಗರು ತುಂಗಭದ್ರಾ ಜಲಾಶಯದ ನೀರು, ಮೀನುಗಾರಿಕೆ ಕುರಿತು ಬರೆದ ವರದಿಯನ್ನು ಬ್ಯಾರಕ್‌ಪುರದ ಕೇಂದ್ರೀಯ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆ ಪ್ರಕಟಿಸಿತು. ಈ ಸೀಮೆಯ ಕೆರೆಗಳನ್ನು ಓದಹೊರಟವರು ಅಲ್ಲಿಂದಲೇ ತೊಡಗಬೇಕು.

ಆದರೆ ಜಲಾಶಯದ ಆಳ ಬೇರೆ, ಕೆರೆಯ ಆಳ ಬೇರೆ. ಆಳವಿಲ್ಲದ ಕೆರೆಯಲ್ಲಿ ಗಾಳಿ ಬೀಸಿದರೆ ತಳದ ಹೂಳೇ ಕದಡಿ ರಂಜಕ ಮೇಲೆ ಬರುತ್ತದೆ. ಗದ್ದೆಯ ಗೊಬ್ಬರ, ಊರ ಚರಂಡಿ ಸೇರಿದರೆ ಬ್ರಾಕಿಯೋನಸ್ ಮತ್ತು ಕ್ಲಾಡೊಸೆರಾ ಗುಂಪಿನ ಮೊಯಿನಾ ಹೆಚ್ಚುತ್ತವೆ. ಹಾಗೆಂದು ಯುರೋಪಿನ ಅಳತೆಗೋಲನ್ನು ಇಲ್ಲಿಗೆ ನೇರವಾಗಿ ತರುವುದು ತಪ್ಪು. ಅದೇ ಗುಂಪಿನ ದೊಡ್ಡ ಡ್ಯಾಫ್ನಿಯಾ ಇಲ್ಲದಿರುವುದು ಅಲ್ಲಿ ಕೆಟ್ಟ ಸೂಚನೆಯಾದೀತು. ಬಿಸಿಲ ನಾಡಿನಲ್ಲಿ ಅದು ಮೊದಲೇ ವಿರಳ. ಮೇಲಾಗಿ ಮೀನು ಗುತ್ತಿಗೆದಾರರು ಕೆರೆಗೆ ಬಿಡುವ ಕಟ್ಲಾ ಮೀನು ಪ್ಲವಕವನ್ನೇ ತಿನ್ನುತ್ತದೆ. ಬಿತ್ತನೆ ಮೀನಿನ ಲೆಕ್ಕ, ಕಾಲುವೆ ನೀರು ಬಿಟ್ಟ ಮತ್ತು ನಿಲ್ಲಿಸಿದ ತಿಂಗಳು ಗೊತ್ತಿಲ್ಲದೆ ಬರೀ ಮಾದರಿ ಎಣಿಸಿದರೆ ಏನೂ ತಿಳಿಯದು.

ಬೇಸಿಗೆಯಲ್ಲಿ ಬತ್ತುವ ಕೆರೆಗಳಲ್ಲೂ ಪ್ಲವಕ ಅಳಿಯುವುದಿಲ್ಲ. ರೋಟಿಫರ್, ಕ್ಲಾಡೊಸೆರಾಗಳ ಗಟ್ಟಿ ಕವಚದ ಮೊಟ್ಟೆಗಳು ಒಣಗಿದ ಹೂಳಿನಲ್ಲಿ ವರ್ಷಗಟ್ಟಲೆ ಉಳಿದು, ನೀರು ತುಂಬಿದಾಗ ಒಡೆಯುತ್ತವೆ. ಹೂಳೆತ್ತುವಾಗ ಕೆರೆಯಂಗಳವನ್ನೆಲ್ಲ ಒಮ್ಮೆಲೇ ಬಗೆಯದೆ ಒಂದು ಭಾಗವನ್ನು ಹಾಗೇ ಬಿಡುವುದು ಅಗತ್ಯವಾಗುವುದು ಇದೇ ಕಾರಣಕ್ಕೆ.