ಸರ್ಪಗಂಧ, ನಸುಗುನ್ನಿ, ಅಡಿಕೆ: ಡೋಪಮೈನ್ ಎಂಬ ತಕ್ಕಡಿಯ ಕಥೆ

1931ರಲ್ಲಿ ಕಲ್ಕತ್ತೆಯ ಇಬ್ಬರು ವೈದ್ಯರು, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಸರ್ಪಗಂಧದ ಬೇರಿನ ಪುಡಿ ಕೊಟ್ಟರೆ ರಕ್ತದೊತ್ತಡ ಇಳಿಯುತ್ತದೆ, ಉನ್ಮಾದದಲ್ಲಿ ಕೂಗಾಡುವ ರೋಗಿ ಒಂದು ವಾರದೊಳಗೆ ಹತೋಟಿಗೆ ಬರುತ್ತಾನೆ ಎಂಬುದು ಅದರ ಸಾರ. ಈ ಬೇರು ಅವರು ಕಂಡುಹಿಡಿದದ್ದೇನಲ್ಲ. ಬಿಹಾರದ ಪೇಟೆಗಳಲ್ಲಿ ಅದು ‘ಪಾಗಲ್ ಕಾ ದವಾ’, ಅಂದರೆ ಹುಚ್ಚಿನ ಔಷಧಿ ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿತ್ತು. ಪಶ್ಚಿಮ ಘಟ್ಟದ ಕಾಡಿನಲ್ಲೂ ಬೆಳೆಯುವ ಈ ಪುಟ್ಟ ಗಿಡದ ಗುಣ ನಾಟಿ ವೈದ್ಯರಿಗೆ ಬಹುಕಾಲದಿಂದ ಗೊತ್ತಿತ್ತು. ಸೇನ್ ಮತ್ತು ಬೋಸ್ ಮಾಡಿದ್ದು ಅದನ್ನು ರೋಗಿಗಳ ಮೇಲೆ ಗಮನಿಸಿ, ಪ್ರಮಾಣ ಗೊತ್ತುಮಾಡಿ, ಇಂಗ್ಲಿಷಿನಲ್ಲಿ ಬರೆದದ್ದು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಈ ಬೇರಿನಿಂದ ಕೆಲವು ರಾಸಾಯನಿಕಗಳನ್ನು ಬೇರ್ಪಡಿಸಿದರು. ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿನಲ್ಲಿ ‘ಅಜ್ಮಲೀನ್’ ಎಂದು ಹೆಸರಿಟ್ಟರು.

ಯುರೋಪು, ಅಮೆರಿಕಗಳು ಇದಕ್ಕೆ ಕಿವಿಗೊಡಲಿಲ್ಲ. ಮುಂದಿನ ಎರಡು ದಶಕಗಳಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಗಳು ಬೇರೆಯೇ ದಾರಿ ಹಿಡಿದವು. ಇನ್ಸುಲಿನ್ ಚುಚ್ಚಿ ರೋಗಿಯನ್ನು ಪ್ರಜ್ಞೆ ತಪ್ಪಿಸುವುದು, ವಿದ್ಯುತ್ ಆಘಾತ ಕೊಡುವುದು, ಮಿದುಳಿನ ಮುಂಭಾಗದ ನರಗಳನ್ನೇ ಕತ್ತರಿಸುವುದು. ಈ ಕೊನೆಯ ಚಿಕಿತ್ಸೆಗಾಗಿ ಪೋರ್ಚುಗಲ್ಲಿನ ಎಗಾಸ್ ಮೊನೀಜ್ ಅವರಿಗೆ 1949ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಅದೇ 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್, ಸರ್ಪಗಂಧ ತೆಗೆದುಕೊಂಡ 50 ರೋಗಿಗಳ ರಕ್ತದೊತ್ತಡದ ವಿವರಗಳನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆಗ ಪಶ್ಚಿಮದ ಕಣ್ಣು ಈ ಬೇರಿನತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ‘ರಿಸರ್ಪಿನ್’ ಎಂಬ ವಸ್ತುವನ್ನು ತೆಗೆದರು. ನ್ಯೂಯಾರ್ಕ್ ರಾಜ್ಯದ ರಾಕ್‌ಲೆಂಡ್ ಆಸ್ಪತ್ರೆಯಲ್ಲಿ ನೇಥನ್ ಕ್ಲೈನ್ ಅದನ್ನು ಮಾನಸಿಕ ರೋಗಿಗಳಿಗೆ ಕೊಟ್ಟು 1954ರಲ್ಲಿ ಫಲಿತಾಂಶ ವರದಿ ಮಾಡಿದರು. ಅಷ್ಟರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕೇರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಎಂಬ ಇನ್ನೊಂದು ಔಷಧಿಯಿಂದ ಅಂಥದೇ ಪರಿಣಾಮ ಕಂಡಿದ್ದರು. ವಾರ್ಡುಗಳಲ್ಲಿ ಕೂಗಾಟ ಕಡಿಮೆಯಾಯಿತು. ವರ್ಷಗಟ್ಟಲೆ ಒಳಗಿದ್ದ ಕೆಲವರಾದರೂ ಮನೆಗೆ ಹೋಗುವಂತಾದರು.

ಆದರೆ ಎರಡೂ ಔಷಧಿಗಳು ಒಂದು ವಿಚಿತ್ರ ಕಾಣಿಕೆಯನ್ನೂ ತಂದವು. ಶಾಂತರಾದ ರೋಗಿಗಳಲ್ಲಿ ಅನೇಕರ ಮುಖ ಭಾವನೆಯಿಲ್ಲದೆ ಬಿಗಿಯಾಯಿತು. ಕೈ ನಡುಗತೊಡಗಿತು, ಹೆಜ್ಜೆ ಕಿರಿದಾಯಿತು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ವಿವರ ಕೊಟ್ಟು ಬಣ್ಣಿಸಿದ್ದ, ನಮ್ಮಲ್ಲಿ ಕಂಪವಾತ ಎನ್ನುವ ಕಾಯಿಲೆಯ ಲಕ್ಷಣಗಳೇ ಇವು. ಹುಚ್ಚಿನ ಔಷಧಿಯಿಂದ ನಡುಕ ಏಕೆ ಬರಬೇಕು? ಇದನ್ನು ಬರಿಯ ಅಡ್ಡಪರಿಣಾಮ ಎಂದು ಬದಿಗಿಡದೆ ಪ್ರಶ್ನೆಯಾಗಿ ತೆಗೆದುಕೊಂಡದ್ದರಿಂದಲೇ ಮುಂದಿನ ಕಥೆ ಸಾಧ್ಯವಾಯಿತು.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅಮೆರಿಕದಲ್ಲಿ ಬರ್ನಾರ್ಡ್ ಬ್ರೋಡಿಯವರ ಪ್ರಯೋಗಾಲಯದಲ್ಲಿ ಕೆಲವು ತಿಂಗಳು ಕೆಲಸ ಮಾಡಿ ಲುಂಡ್ ನಗರಕ್ಕೆ ಮರಳಿದ್ದರು. ರಿಸರ್ಪಿನ್ ಮಿದುಳಿನಿಂದ ಕೆಲವು ರಾಸಾಯನಿಕಗಳನ್ನು ಖಾಲಿ ಮಾಡುತ್ತದೆ ಎಂಬುದು ಬ್ರೋಡಿಯವರ ತಂಡ ಕಂಡುಕೊಂಡ ವಿಷಯ. ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಕಿವಿ ಜೋತುಬಿದ್ದು, ಮೈ ಕುಸಿದು, ಮುಟ್ಟಿದರೂ ಕದಲದೆ ಅವು ಬಿದ್ದುಕೊಂಡವು. ಬಳಿಕ ಡೋಪಾ ಎಂಬ ವಸ್ತುವನ್ನು ಚುಚ್ಚಿದರು. ಕೆಲವೇ ನಿಮಿಷಗಳಲ್ಲಿ ಮೊಲಗಳು ಎದ್ದು ಓಡಾಡಿದವು. 1957ರಲ್ಲಿ ಈ ಪ್ರಯೋಗ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮೊಲಗಳ ಮಿದುಳನ್ನು ಪರೀಕ್ಷಿಸಿದಾಗ ಅಲ್ಲಿ ತುಂಬಿಕೊಂಡದ್ದು ಎಲ್ಲರೂ ನಿರೀಕ್ಷಿಸಿದ್ದ ನೊರ್‌ಅಡ್ರಿನಲಿನ್ ಅಲ್ಲ, ಡೋಪಮೈನ್. ಅದುವರೆಗೆ ಡೋಪಮೈನ್ ಎಂದರೆ ಇನ್ನೊಂದು ರಾಸಾಯನಿಕದ ತಯಾರಿಯಲ್ಲಿ ಬಂದುಹೋಗುವ ನಡುವಿನ ಮೆಟ್ಟಿಲು ಎಂದಷ್ಟೇ ಭಾವಿಸಲಾಗಿತ್ತು. ಅದಕ್ಕೇ ಒಂದು ಸ್ವಂತ ಕೆಲಸವಿದೆ, ಚಲನೆಗೆ ಅದೇ ಬೇಕು ಎಂದು ಕಾರ್ಲ್‌ಸನ್ ಹೇಳಿದರು. 1960ರಲ್ಲಿ ಲಂಡನ್ನಿನಲ್ಲಿ ಸೇರಿದ್ದ ಹಿರಿಯ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ.

ಒಪ್ಪಿಸುವ ಸಾಕ್ಷ್ಯ ಅದೇ ವರ್ಷ ವಿಯೆನ್ನಾದಿಂದ ಬಂತು. ಓಲೆ ಹೊರ್ನಿಕೀವಿಚ್ ಮತ್ತು ಹರ್ಬರ್ಟ್ ಎರಿಂಗರ್ ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಮಿದುಳುಗಳನ್ನು ಬೇರೆ ಕಾರಣಗಳಿಂದ ಸತ್ತವರ ಮಿದುಳುಗಳೊಂದಿಗೆ ಹೋಲಿಸಿದರು. ಡೋಪಮೈನ್ ಇದ್ದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಬೇರೆಯವರ ಮಾದರಿಗಳಲ್ಲಿ ಬಣ್ಣ ಬಂತು. ಪಾರ್ಕಿನ್ಸನ್ ರೋಗಿಗಳ ಮಾದರಿಗಳಲ್ಲಿ ಬಣ್ಣ ಬಂದೂ ಬಾರದಂತಿತ್ತು. ಮಿದುಳಿನ ಕಾಯಿಲೆಯೊಂದಕ್ಕೆ ನಿರ್ದಿಷ್ಟ ರಾಸಾಯನಿಕದ ಕೊರತೆಯೇ ಕಾರಣ ಎಂಬುದು ಹೀಗೆ ಬರಿಗಣ್ಣಿಗೆ ಕಂಡಿತು.

ಕೊರತೆಯನ್ನು ತುಂಬುವುದು ಹೇಗೆ? ರಕ್ತದಲ್ಲಿರುವ ಎಲ್ಲವನ್ನೂ ಮಿದುಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಡುವೆ ಒಂದು ತಡೆ ಇದೆ. ಡೋಪಮೈನ್ ಅದನ್ನು ದಾಟಲಾರದು, ಅದರ ಹಿಂದಿನ ರೂಪವಾದ ಲೆವೊಡೋಪಾ ದಾಟಬಲ್ಲದು. ಇದು ಹೊಸ ವಸ್ತುವಾಗಿರಲಿಲ್ಲ. 1913ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಕಸ್ ಗುಗೆನ್‌ಹೈಮ್ ನಮ್ಮ ಅವರೆಯಂಥ ಒಂದು ಯುರೋಪಿನ ಕಾಳಿನಿಂದ ಅದನ್ನು ತೆಗೆದಿದ್ದರು. ಎರಡೂವರೆ ಗ್ರಾಂ ತಾವೇ ನುಂಗಿ ನೋಡಿ, ವಾಂತಿ ಮಾಡಿಕೊಂಡು, ಪ್ರಯೋಜನವಿಲ್ಲದ ವಸ್ತು ಎಂದು ತೀರ್ಮಾನಿಸಿದ್ದರು. 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಅದೇ ವಸ್ತುವನ್ನು ನಸುಗುನ್ನಿಯ ಬೀಜದಲ್ಲಿ ಕಂಡರು. ಸೊನೆ ತಗುಲಿದಂತೆ ಮೈಯೆಲ್ಲ ತುರಿಸುವಂತೆ ಮಾಡುವ ರೋಮವುಳ್ಳ ಕಾಯಿ ಅದು. ಹಳ್ಳಿಯ ಮಕ್ಕಳು ಅದನ್ನು ಕಂಡರೆ ದೂರ ಸರಿಯುತ್ತಾರೆ. ಆಯುರ್ವೇದದಲ್ಲಿ ಕಪಿಕಚ್ಛು ಎಂದು ಕರೆಯುವ ಈ ಬೀಜ ಔಷಧಿಯಾಗಿ ಬಳಕೆಯಲ್ಲಿತ್ತು. ಆದರೆ ಅದರೊಳಗಿನ ಯಾವ ವಸ್ತು, ಮಿದುಳಿನ ಯಾವ ಕೊರತೆಯನ್ನು ತುಂಬುತ್ತದೆ ಎಂಬ ಜೋಡಣೆ ಆಗಿರಲಿಲ್ಲ.

1961ರ ಜುಲೈನಲ್ಲಿ ವಿಯೆನ್ನಾದ ಲೈನ್ಜ್ ವೃದ್ಧಾಶ್ರಮದಲ್ಲಿ ವಾಲ್ಟರ್ ಬರ್ಕ್‌ಮೇಯರ್, ಹೊರ್ನಿಕೀವಿಚ್ ಕೊಟ್ಟ ಲೆವೊಡೋಪಾವನ್ನು ಪಾರ್ಕಿನ್ಸನ್ ರೋಗಿಗಳಿಗೆ ರಕ್ತನಾಳದ ಮೂಲಕ ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಕೂತರು. ಕೂತವರು ನಿಂತರು, ನಿಂತವರು ನಡೆದರು. ಕೆಲವು ಗಂಟೆಗಳ ಬಳಿಕ ಮೈ ಮತ್ತೆ ಬಿಗಿಯಿತು. 1967ರಲ್ಲಿ ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಜಾರ್ಜ್ ಕೊಟ್ಜಿಯಾಸ್, ಅಲ್ಪ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತ ಹೋದರೆ ಬಾಯಿಯ ಮೂಲಕವೇ ದೀರ್ಘಕಾಲ ಕೊಡಬಹುದು ಎಂದು ತೋರಿಸಿದರು. ಇನ್ನೂ ಒಂದು ತೊಡಕಿತ್ತು. ನುಂಗಿದ ಲೆವೊಡೋಪಾದ ಬಹುಪಾಲು ಮಿದುಳು ತಲುಪುವ ಮೊದಲೇ ಡೋಪಮೈನ್ ಆಗಿ ಮಾರ್ಪಟ್ಟು ವಾಕರಿಕೆ ತರುತ್ತಿತ್ತು. ಅದಕ್ಕೆ ಕಾರ್ಬಿಡೋಪಾ ಎಂಬ ಜೊತೆಗಾರನನ್ನು ಸೇರಿಸಿದರು. ಇದು ಮಿದುಳಿನ ತಡೆಯನ್ನು ದಾಟುವುದಿಲ್ಲ, ಹೊರಗೇ ನಿಂತು ಆ ಮಾರ್ಪಾಟನ್ನು ತಡೆಯುತ್ತದೆ. 1970ರ ದಶಕದಿಂದ ಇಂದಿನವರೆಗೂ ಪಾರ್ಕಿನ್ಸನ್ ರೋಗಿಗಳ ಕೈಯಲ್ಲಿರುವ ಮುಖ್ಯ ಮಾತ್ರೆ ಈ ಜೋಡಿಯೇ.

1969ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಆಲಿವರ್ ಸ್ಯಾಕ್ಸ್, ಮೊದಲ ಮಹಾಯುದ್ಧದ ಕಾಲದ ನಿದ್ರಾರೋಗದ ಬಳಿಕ ದಶಕಗಳಿಂದ ಕಲ್ಲಿನಂತೆ ಕೂತಿದ್ದವರಿಗೆ ಲೆವೊಡೋಪಾ ಕೊಟ್ಟರು. ಅವರು ಎಚ್ಚೆತ್ತರು, ಮಾತಾಡಿದರು, ಹಾಡಿದರು. 1973ರಲ್ಲಿ ಬಂದ ಅವರ ‘ಅವೇಕನಿಂಗ್ಸ್’ ಪುಸ್ತಕ ಇದರ ದಾಖಲೆ. ಆ ಎಚ್ಚರದ ಬಳಿಕ ಏನಾಯಿತು ಎಂಬುದನ್ನೂ ಅದು ಹೇಳುತ್ತದೆ. ಹಲವರಲ್ಲಿ ಉದ್ರೇಕ, ಅಂಕೆಯಿಲ್ಲದ ಚಲನೆ ಕಾಣಿಸಿದವು. ಕೆಲವರಿಗೆ ಇಲ್ಲದ ದೃಶ್ಯಗಳು ಕಂಡವು. ನಡುಕದ ಔಷಧಿಯಿಂದ ಭ್ರಮೆ.

ಇಲ್ಲಿ ತಕ್ಕಡಿಯ ಎರಡೂ ತಟ್ಟೆಗಳು ಕಾಣುತ್ತವೆ. 1963ರಲ್ಲಿ ಕಾರ್ಲ್‌ಸನ್ ತಂಡ, ಕ್ಲೋರ್‌ಪ್ರೊಮಜಿನ್‌ನಂಥ ಔಷಧಿಗಳು ನರಕೋಶದ ಗ್ರಾಹಕಗಳಿಗೆ ಅಡ್ಡ ನಿಲ್ಲುತ್ತವೆ ಎಂದು ಸೂಚಿಸಿತು. 1970ರ ದಶಕದ ಹೊತ್ತಿಗೆ, ಸ್ಕಿಜೋಫ್ರೇನಿಯಾದ ಔಷಧಿಯ ಬಲ ಅದು ಡೋಪಮೈನ್ ಗ್ರಾಹಕವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದಕ್ಕೆ ತಕ್ಕಂತಿರುತ್ತದೆ ಎಂಬುದು ಸ್ಪಷ್ಟವಾಯಿತು. ಡೋಪಮೈನನ್ನು ತಡೆದರೆ ಭ್ರಮೆ ಇಳಿಯುತ್ತದೆ, ಮೈ ಬಿಗಿಯುತ್ತದೆ. ಹೆಚ್ಚಿಸಿದರೆ ಮೈ ಸಡಿಲವಾಗುತ್ತದೆ, ಮನಸ್ಸು ದಾರಿ ತಪ್ಪಬಹುದು. ನರರೋಗ, ಮನೋರೋಗ ಎಂದು ನಾವು ಎರಡು ವಾರ್ಡುಗಳಲ್ಲಿ ಮಲಗಿಸುವ ಇಬ್ಬರು ಒಂದೇ ತಕ್ಕಡಿಯ ಎರಡು ತುದಿಗಳಲ್ಲಿ ಕೂತಿದ್ದಾರೆ. ಔಷಧಿಯಿಂದ ಕೈ ನಡುಗುವ ಸ್ಕಿಜೋಫ್ರೇನಿಯಾ ರೋಗಿಯನ್ನು ಕಂಡು ‘ಹುಚ್ಚಿನ ನಡುಕ’ ಎಂದು ದೂರ ಸರಿಯುವ ಜನ, ಅಜ್ಜನ ಕೈ ನಡುಗಿದರೆ ಮರುಗುತ್ತಾರೆ. ಎರಡೂ ನಡುಕ ಬರುವುದು ಒಂದೇ ಕಡೆಯಿಂದ.

ಈ ತಕ್ಕಡಿಯಿಂದ ಹೊರಬರುವ ಪ್ರಯತ್ನಗಳೇ ಇತ್ತೀಚಿನ ಚಿಕಿತ್ಸೆಗಳ ಇತಿಹಾಸ. ಒಂದು ದಾರಿ ವಿದ್ಯುತ್ತಿನದು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್, ಮಿದುಳಿನ ಒಳಭಾಗಕ್ಕೆ ಸಣ್ಣ ತಂತಿ ಇಳಿಸಿ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಮಿಡಿಯುವ ವಿದ್ಯುತ್ ಹರಿಸಿದರೆ ನಡುಕ ನಿಲ್ಲುವುದನ್ನು ತೋರಿಸಿದರು. ಹಿಂದೆ ಮಿದುಳಿನ ಆ ಜಾಗವನ್ನು ಸುಟ್ಟು ನಾಶಮಾಡುತ್ತಿದ್ದರು. ಇದರಲ್ಲಿ ಸ್ವಿಚ್ ಆರಿಸಿದರೆ ಮಿದುಳು ಮೊದಲಿನಂತೆಯೇ. ಈಗ ಈ ತಂತಿ ಕೇಳಿಸಿಕೊಳ್ಳಲೂ ಕಲಿತಿದೆ. ಮಿದುಳಿನ ವಿದ್ಯುತ್ ಸಂಕೇತಗಳನ್ನು ಗಮನಿಸಿ ಬೇಕಾದಾಗ ಹೆಚ್ಚು, ಬೇಡದಾಗ ಕಡಿಮೆ ಪ್ರಚೋದನೆ ಕೊಡುವ ಸಾಧನಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಇನ್ನೊಂದು ದಾರಿ ಮಲೆನಾಡಿನವರಿಗೆ ಅಚ್ಚರಿ ತರಬಹುದು. ಅಡಿಕೆಯಲ್ಲಿ ಅರೆಕೊಲಿನ್ ಎಂಬ ವಸ್ತುವಿದೆ. ಅದು ಡೋಪಮೈನ್ ಗ್ರಾಹಕಗಳನ್ನು ಬಿಟ್ಟು ಅಸಿಟೈಲ್‌ಕೋಲಿನ್‌ನ ಗ್ರಾಹಕಗಳನ್ನು ತಟ್ಟುತ್ತದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ರಸಾಯನಶಾಸ್ತ್ರಜ್ಞರು ಜಾನೊಮೆಲಿನ್ ಎಂಬ ಔಷಧಿ ರೂಪಿಸಿದರು. 1990ರ ದಶಕದಲ್ಲಿ ಅದನ್ನು ಪರೀಕ್ಷಿಸಿದ್ದು ಅಲ್ಝೈಮರ್ ರೋಗಿಗಳ ಮರೆವಿಗಾಗಿ. ಆಗ ಅವರ ಭ್ರಮೆಗಳೂ ಕಡಿಮೆಯಾದದ್ದು ಕಂಡಿತು. ಆದರೆ ವಾಂತಿ, ಬೆವರು ತಡೆಯಲಾರದಷ್ಟಾಗಿ ಔಷಧಿ ಮೂಲೆಗೆ ಬಿತ್ತು. ಅದನ್ನು ಮೇಲೆತ್ತಿದ್ದು ಕಾರ್ಬಿಡೋಪಾದ ಹಳೆಯ ಉಪಾಯ. ಮಿದುಳಿನೊಳಗೆ ಹೋಗದ, ಹೊರಗಿನ ಪರಿಣಾಮವನ್ನಷ್ಟೇ ತಡೆಯುವ ಟ್ರಾಸ್ಪಿಯಂ ಎಂಬ ಮೂತ್ರಕೋಶದ ಔಷಧಿಯನ್ನು ಅದರೊಂದಿಗೆ ಸೇರಿಸಿದರು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಈ ಜೋಡಿಗೆ ಒಪ್ಪಿಗೆ ಕೊಟ್ಟಿತು. ಏಳು ದಶಕಗಳ ಬಳಿಕ, ಡೋಪಮೈನ್ ಗ್ರಾಹಕಕ್ಕೆ ನೇರವಾಗಿ ಕೈಹಾಕದ ಸ್ಕಿಜೋಫ್ರೇನಿಯಾ ಔಷಧಿಯೊಂದು ಹೀಗೆ ಬಂತು. ದಾರಿ ನೇರವಾಗಿಯೇನೂ ಇಲ್ಲ. ಇದೇ ಗ್ರಾಹಕಗಳನ್ನು ನಂಬಿದ್ದ ಇನ್ನೊಂದು ಔಷಧಿ ಅದೇ ನವೆಂಬರಿನಲ್ಲಿ ಪರೀಕ್ಷೆಯಲ್ಲಿ ಸೋತಿತು. ಹಾಗೆಂದು ಅಡಿಕೆ ಜಗಿದರೆ ಮನಸ್ಸು ನೆಟ್ಟಗಾಗುತ್ತದೆ ಎಂದಲ್ಲ. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುತ್ತದೆ. ನಸುಗುನ್ನಿಯ ಪುಡಿಯನ್ನು ನಂಬಿ ಮಾತ್ರೆ ಬಿಡುವುದೂ ಅಷ್ಟೇ ಅಪಾಯ. ಒಂದು ಚಮಚದಲ್ಲಿ ಎಷ್ಟು ಲೆವೊಡೋಪಾ ಇದೆ ಎಂಬುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ.

ಈ ಇತಿಹಾಸವನ್ನು ಎರಡು ರೀತಿ ತಪ್ಪಾಗಿ ಹೇಳಬಹುದು. ಎಲ್ಲವೂ ನಮ್ಮಲ್ಲೇ ಇತ್ತು ಎನ್ನುವುದು ಒಂದು. ಎಲ್ಲವೂ ಪಶ್ಚಿಮದ ಪ್ರಯೋಗಾಲಯದಲ್ಲೇ ಹುಟ್ಟಿತು ಎನ್ನುವುದು ಇನ್ನೊಂದು. ಬೇರಿನ ಗುಣ ಬಲ್ಲವರಿಗೆ ಡೋಪಮೈನ್ ಗೊತ್ತಿರಲಿಲ್ಲ. ಬೇರು ಇಲ್ಲದಿದ್ದರೆ ಕಾರ್ಲ್‌ಸನ್ನರ ಮೊಲಗಳು ಕುಸಿಯುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ಕೀರ್ತಿ ಹಂಚಿಕೆಯಾದದ್ದು ಮಾತ್ರ ಸಮನಾಗಿ ಅಲ್ಲ. 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂದಾಗ ಹೊರ್ನಿಕೀವಿಚ್ ಹೆಸರು ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಪತ್ರ ಬರೆದು ಆಕ್ಷೇಪಿಸಿದರು. ಸೇನ್ ಮತ್ತು ಬೋಸ್ ಪರವಾಗಿ ಬರೆಯುವವರು ಆಗ ಯಾರೂ ಇರಲಿಲ್ಲ.

ಹೆಸರೇ ಇಲ್ಲದ ಇನ್ನೊಂದು ಸಾಲು ಇದೆ. ಸತ್ತ ಮೇಲೂ ತಮ್ಮ ಮಿದುಳಿನಿಂದ ಸಾಕ್ಷಿ ನುಡಿದ ವಿಯೆನ್ನಾದ ರೋಗಿಗಳು, ಲೈನ್ಜ್‌ನ ವೃದ್ಧರು, ರಾಕ್‌ಲೆಂಡಿನ ವಾರ್ಡಿನವರು. ಅವರ ಸಾಲಿಗೆ ಇಂದಿಗೂ ಜನ ಸೇರುತ್ತಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ತೀರಿಕೊಂಡವರ ಮಿದುಳನ್ನು ಕುಟುಂಬದವರು ಅಲ್ಲಿಗೆ ದಾನ ಕೊಡುತ್ತಾರೆ. ಲೆವೊಡೋಪಾ ಕೊರತೆಯನ್ನು ತುಂಬುತ್ತದೆಯೇ ಹೊರತು ನರಕೋಶಗಳು ಸಾಯುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಔಷಧಿ ಇನ್ನೂ ಬರಬೇಕಾಗಿದೆ. ಅಲ್ಲಿಯವರೆಗೆ ಒಬ್ಬರು ಗಡಿಯಾರ ನೋಡಿಕೊಂಡು ನಡೆಯುವ ಮಾತ್ರೆ ನುಂಗುತ್ತಾರೆ, ಇನ್ನೊಬ್ಬರು ನಡುಗುವ ಕೈಯಲ್ಲೇ ಮನಸ್ಸನ್ನು ಹಿಡಿದಿಡುವ ಮಾತ್ರೆ ನುಂಗುತ್ತಾರೆ.